ಅಣ್ಣನಿಗೆ ಸ್ಟೆಮ್ ಸೆಲ್ ಕೊಡುತ್ತಿರುವ ನನ್ನ ಯಜಮಾನರನ್ನು ನೋಡಿಕೊಳ್ಳುವವರು ಯಾರು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನ್ನ ಭಾವನವರಿಗೆ, ಅಂದರೆ ನನ್ನ ಯಜಮಾನರ ಅಣ್ಣನಿಗೆ, ಕಳೆದ ವರ್ಷ ರಕ್ತದ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತು. ಕೀಮೋಥೆರಪಿಯ ನಂತರ ರೋಗ ಹತೋಟಿಗೆ ಬಂದಿದೆ. ಅದು ಮರುಕಳಿಸದಂತೆ ತಡೆಯಲು ಅಸ್ಥಿಮಜ್ಜೆ ಕಸಿಯೇ, ಅಂದರೆ ರಕ್ತವನ್ನು ತಯಾರಿಸುವ ಸ್ಟೆಮ್ ಸೆಲ್‌ಗಳನ್ನು ದಾನಿಯಿಂದ ಪಡೆದು ರೋಗಿಗೆ ಕೊಡುವುದೇ, ದಾರಿ ಎಂದು ಬೆಂಗಳೂರಿನ ವೈದ್ಯರು ಹೇಳಿದ್ದಾರೆ. ಒಡಹುಟ್ಟಿದವರೆಲ್ಲರ ಎಚ್‌ಎಲ್‌ಎ ಪರೀಕ್ಷೆ, ಅಂದರೆ ಅಂಗಾಂಶ ಹೊಂದಿಕೆಯ ಪರೀಕ್ಷೆ, ಮಾಡಿಸಿದಾಗ ನನ್ನ ಯಜಮಾನರದು ಮಾತ್ರ ಪೂರ್ಣವಾಗಿ ಹೊಂದಿಕೆಯಾಯಿತು. ಅವರು ಒಂದು ಕ್ಷಣವೂ ಯೋಚಿಸದೆ ಒಪ್ಪಿಕೊಂಡರು, ನನಗೂ ಅದರಲ್ಲಿ ಸಂತೋಷವೇ ಇದೆ.

ನನ್ನ ಚಿಂತೆ ಬೇರೆಯದು. ಮನೆಯಲ್ಲಿ ಈಗ ನಡೆಯುವ ಮಾತೆಲ್ಲ ಭಾವನವರ ಪಥ್ಯ, ಭಾವನವರ ಕೊಠಡಿ, ಅವರ ಜೊತೆ ಆಸ್ಪತ್ರೆಯಲ್ಲಿ ಯಾರು ಉಳಿಯಬೇಕು ಎಂಬುದರ ಬಗ್ಗೆಯೇ. ನನ್ನ ಯಜಮಾನರಿಗೆ ಏನಾಗುತ್ತದೆ ಎಂದು ಕೇಳಿದರೆ, ರಕ್ತದಾನ ಮಾಡಿ ಬಂದ ಹಾಗೆಯೇ, ಮರುದಿನ ಗಿರಣಿಗೆ ಹೋಗಬಹುದು ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ನನ್ನ ಯಜಮಾನರು ಅಕ್ಕಿ ಗಿರಣಿಯಲ್ಲಿ ದಿನವಿಡೀ ಮೂಟೆ ಹೊರುವ ಕೆಲಸದಲ್ಲಿದ್ದಾರೆ. ನಾನು ಎರಡನೇ ಸಲ ಕೇಳಿದಾಗ, ಒಬ್ಬನ ಜೀವ ಹೋಗುತ್ತಿರುವಾಗ ಇವಳಿಗೆ ಗಂಡನ ಬೆನ್ನುನೋವಿನ ಯೋಚನೆ ಎನ್ನುವಂತೆ ಎಲ್ಲರೂ ನನ್ನನ್ನು ನೋಡಿದರು. ದಾನಿಗೆ ನಿಜವಾಗಿ ಎಂತಹ ಆರೈಕೆ ಬೇಕು, ಎಷ್ಟು ದಿನ ಬೇಕು, ಆ ದಿನಗಳಲ್ಲಿ ನಾನು ಏನನ್ನು ಗಮನಿಸಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಹಗಲುಪಾಳಿ

ತುಂಗಾತೀರ ಅವರೇ, ನಾನು ಹಲವು ವರ್ಷ ರಕ್ತರೋಗ ವಿಭಾಗದಲ್ಲಿ ನರ್ಸ್ ಆಗಿದ್ದವಳು. ನಿಮ್ಮ ಪ್ರಶ್ನೆಯನ್ನು ರೋಗಿಯ ಕಡೆಯವರು ಕೇಳುವುದು ತೀರಾ ಅಪರೂಪ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಮೊದಲು ನಿಮ್ಮ ಯಜಮಾನರಿಂದ ಕೋಶಗಳನ್ನು ಯಾವ ವಿಧಾನದಲ್ಲಿ ತೆಗೆಯುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ. ಈಗ ವಯಸ್ಕರಲ್ಲಿ ಹೆಚ್ಚಾಗಿ ತೋಳಿನ ರಕ್ತನಾಳದಿಂದಲೇ ಸ್ಟೆಮ್ ಸೆಲ್‌ಗಳನ್ನು ಸಂಗ್ರಹಿಸುತ್ತಾರೆ. ಇನ್ನೊಂದು ವಿಧಾನದಲ್ಲಿ ಅರಿವಳಿಕೆ ಕೊಟ್ಟು ಸೊಂಟದ ಹಿಂಭಾಗದ ಮೂಳೆಯಿಂದ ಮಜ್ಜೆಯನ್ನು ಹೀರಿ ತೆಗೆಯುತ್ತಾರೆ. ಎರಡರ ಆರೈಕೆಯೂ ಬೇರೆ ಬೇರೆ.

ರಕ್ತನಾಳದ ವಿಧಾನವಾದರೆ, ಸಂಗ್ರಹಕ್ಕೆ ನಾಲ್ಕೈದು ದಿನ ಮೊದಲಿನಿಂದ ಪ್ರತಿದಿನ ಚರ್ಮದಡಿಗೆ ಫಿಲ್‌ಗ್ರಾಸ್ಟಿಮ್ ಎಂಬ ಚುಚ್ಚುಮದ್ದು ಕೊಡುತ್ತಾರೆ. ಮೂಳೆಯೊಳಗಿನ ಸ್ಟೆಮ್ ಸೆಲ್‌ಗಳು ಹೆಚ್ಚಿ ರಕ್ತಕ್ಕೆ ಇಳಿದು ಬರುವಂತೆ ಮಾಡುವುದು ಅದರ ಕೆಲಸ. ಸೊಂಟ, ತೊಡೆ, ಎದೆಯ ಮೂಳೆಗಳಲ್ಲಿ ಒಳಗಿನಿಂದ ಒತ್ತಿದಂತಹ ನೋವು, ತಲೆನೋವು, ಆಯಾಸ, ನಿದ್ದೆ ಬಾರದಿರುವುದು ಇವೆಲ್ಲ ಆ ದಿನಗಳಲ್ಲಿ ಸಾಮಾನ್ಯ. ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಆಸ್ಪಿರಿನ್ ಮತ್ತು ಅಂತಹ ಇತರ ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ, ಏಕೆಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳು ಸಂಗ್ರಹದ ಸಮಯದಲ್ಲಿ ಹೇಗೂ ಇಳಿಯುತ್ತವೆ. ಕೊನೆಯ ಚುಚ್ಚುಮದ್ದಿನ ನಂತರ ಎರಡು ಮೂರು ದಿನಗಳಲ್ಲಿ ನೋವು ಬಹುಮಟ್ಟಿಗೆ ಹೋಗುತ್ತದೆ.

ಮೂಟೆ ಹೊರುವ ವಿಷಯ ಬಹಳ ಮುಖ್ಯವಾದದ್ದು. ಈ ಔಷಧದಿಂದ ಗುಲ್ಮ, ಅಂದರೆ ಎಡ ಪಕ್ಕೆಲುಬಿನ ಅಡಿಯಲ್ಲಿರುವ ಅಂಗ, ಸ್ವಲ್ಪ ಊದಿಕೊಳ್ಳುತ್ತದೆ. ಅದು ಒಡೆಯುವುದು ಅತಿ ವಿರಳವೇ ಆದರೂ, ಹಾಗೆ ಆದದ್ದುಂಟು. ಆದ್ದರಿಂದ ಚುಚ್ಚುಮದ್ದು ಆರಂಭವಾದ ದಿನದಿಂದ ವೈದ್ಯರು ಸರಿಯೆನ್ನುವವರೆಗೆ ಭಾರ ಎತ್ತುವುದು, ಹೊಟ್ಟೆಗೆ ಪೆಟ್ಟು ಬೀಳಬಹುದಾದ ಕೆಲಸ ಅಥವಾ ಆಟ ಯಾವುದೂ ಕೂಡದು. ಎಡ ಪಕ್ಕೆಲುಬಿನ ಕೆಳಗೆ ಅಥವಾ ಎಡ ಭುಜದ ತುದಿಯಲ್ಲಿ ನೋವು ಕಾಣಿಸಿಕೊಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮರುದಿನ ಗಿರಣಿಗೆ ಹೋಗುವ ಮಾತೇ ಬೇಡ.

ಸಕ್ಕರೆನಾಡು ಹಿರಿಯ

ನನ್ನ ಮಾತು ಕೆಲವರಿಗೆ ಕಹಿ ಎನಿಸಬಹುದು. ಅಣ್ಣನ ಜೀವ ಉಳಿಸುವ ಅವಕಾಶ ತಮ್ಮನಿಗೆ ದೊರೆತಿದೆ. ಅದು ಪುಣ್ಯ. ಇಂತಹ ಹೊತ್ತಿನಲ್ಲಿ ದಾನಿಗೆ ಏನಾಗುತ್ತದೆ, ಎಷ್ಟು ದಿನ ರಜೆ ಬೇಕು ಎಂದು ಲೆಕ್ಕ ಹಾಕುತ್ತ ಕುಳಿತರೆ, ಕೊಡಲು ಮುಂದೆ ಬಂದವನೂ ಹಿಂದೆ ಸರಿಯುತ್ತಾನೆ. ಇಂತಹ ಚರ್ಚೆಗಳಿಂದ ಜನರಲ್ಲಿ ಭಯ ಹುಟ್ಟುತ್ತದೆ ಎಂಬುದು ನನ್ನ ಆಕ್ಷೇಪ. ನಮ್ಮ ದೇಶದಲ್ಲಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ, 1986ರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಆರಂಭವಾಯಿತು. ಅಂದಿನಿಂದ ಎಷ್ಟೋ ಅಣ್ಣತಮ್ಮಂದಿರು, ಅಕ್ಕತಂಗಿಯರು ಕೊಟ್ಟು ಆರೋಗ್ಯವಾಗಿಯೇ ಇದ್ದಾರೆ.

ಕೊಡಚಾದ್ರಿ

ಹಿರಿಯರೇ, ನಿಮ್ಮ ಮೇಲೆ ಗೌರವವಿಟ್ಟೇ ಹೇಳುತ್ತೇನೆ, ಭಯ ಹುಟ್ಟುವುದು ಅರ್ಧಂಬರ್ಧ ಗೊತ್ತಿದ್ದಾಗಲೇ. ನಾನು ನನ್ನ ತಂಗಿಗೆ ಮೂಳೆಯಿಂದಲೇ ಮಜ್ಜೆ ಕೊಟ್ಟವನು. ಬೆನ್ನುಹುರಿಗೆ ಸೂಜಿ ಹಾಕುತ್ತಾರೆ, ಕಾಲು ಸ್ವಾಧೀನ ತಪ್ಪುತ್ತದೆ ಎಂದು ಊರಿನಲ್ಲಿ ಎಷ್ಟು ಜನ ನನಗೆ ಹೇಳಿದರೋ ಲೆಕ್ಕವಿಲ್ಲ. ಸೂಜಿ ಹೋಗುವುದು ಸೊಂಟದ ಮೂಳೆಗೆ, ಬೆನ್ನುಹುರಿಗೆ ಅದರ ಸಂಬಂಧವೇ ಇಲ್ಲ. ಇದನ್ನು ಮೊದಲೇ ಯಾರಾದರೂ ಚಿತ್ರ ಬರೆದು ತೋರಿಸಿದ್ದರೆ ನನ್ನ ಹೆಂಡತಿ ಅಷ್ಟು ರಾತ್ರಿ ನಿದ್ದೆಗೆಡುತ್ತಿರಲಿಲ್ಲ.

ನನಗೆ ಪೂರ್ಣ ಅರಿವಳಿಕೆ ಕೊಟ್ಟಿದ್ದರು, ಆದ್ದರಿಂದ ತೆಗೆಯುವಾಗ ಏನೂ ತಿಳಿಯಲಿಲ್ಲ. ಎಚ್ಚರವಾದ ಮೇಲೆ ಸೊಂಟದ ಮೇಲೆ ಜೋರಾಗಿ ಬಿದ್ದು ಎದ್ದವನ ನೋವು ಇತ್ತು. ಮೊದಲ ಕೆಲವು ದಿನ ಮೆಟ್ಟಿಲು ಹತ್ತುವುದು, ಬಹಳ ಹೊತ್ತು ಒಂದೇ ಕಡೆ ಕುಳಿತುಕೊಳ್ಳುವುದು, ಭಾರತೀಯ ಶೈಲಿಯ ಶೌಚಾಲಯದಲ್ಲಿ ಕುಕ್ಕರಗಾಲಿನಲ್ಲಿ ಕೂತು ಏಳುವುದು ಕಷ್ಟವಾಗಿತ್ತು. ಈ ಕೊನೆಯ ವಿಷಯವನ್ನು ಯಾರೂ ಹೇಳುವುದಿಲ್ಲ, ಆದರೆ ಊರಿನ ಮನೆಗೆ ಹೋಗುವವರು ಮೊದಲೇ ಯೋಚಿಸಿಕೊಳ್ಳಲೇಬೇಕು. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ನಾನು ರಾತ್ರಿ ಬಸ್ಸಿನಲ್ಲಿ ಒಬ್ಬನೇ ಊರಿಗೆ ಹೋದೆ, ಏಕೆಂದರೆ ಮನೆಯವರೆಲ್ಲ ತಂಗಿಯ ಕೊಠಡಿಯ ಹೊರಗಿದ್ದರು. ಅವರು ಅಲ್ಲಿರಬೇಕಾದದ್ದೇ, ನಾನು ಯಾರನ್ನೂ ದೂರುತ್ತಿಲ್ಲ. ಆದರೆ ಆ ಪ್ರಯಾಣವನ್ನು ಇನ್ನೊಬ್ಬ ದಾನಿ ಮಾಡಬಾರದು ಎಂಬುದು ನನ್ನ ಆಸೆ.

ಹಗಲುಪಾಳಿ

ಕೊಡಚಾದ್ರಿಯವರ ಮಾತಿಗೆ ಸೇರಿಸುತ್ತೇನೆ. ದಾನಿಯ ತೂಕದ ಒಂದು ಕಿಲೋಗೆ ಸುಮಾರು 20 ಮಿಲಿಲೀಟರ್‌ಗಿಂತ ಹೆಚ್ಚು ಮಜ್ಜೆಯನ್ನು ತೆಗೆಯಬಾರದೆಂಬ ಮಿತಿಯಿದೆ. ತೆಗೆದ ಮಜ್ಜೆ ನಾಲ್ಕರಿಂದ ಆರು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಅದರ ಜೊತೆಗೆ ರಕ್ತವೂ ಹೋಗಿರುತ್ತದೆಯಾದ್ದರಿಂದ ಹಿಮೋಗ್ಲೋಬಿನ್ ಇಳಿದು ಆಯಾಸವಾಗುವುದು ಸಹಜ. ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟಿದ್ದರೆ ಪೂರ್ತಿ ಅವಧಿ ಮುಗಿಸಬೇಕು. ಮಾತ್ರೆ ನುಂಗಿದ ಕೂಡಲೇ ಕಾಫಿ, ಚಹಾ ಕುಡಿದರೆ ಕಬ್ಬಿಣ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ಸೂಜಿ ಹಾಕಿದ ಜಾಗದಲ್ಲಿ ಕೆಂಪಾಗುವುದು, ಕೀವು, ರಕ್ತ ನಿಲ್ಲದಿರುವುದು, ಜ್ವರ, ಕಾಲಿನಲ್ಲಿ ಜೋಮು ಇವುಗಳಲ್ಲಿ ಯಾವುದು ಕಂಡರೂ ಫೋನ್ ಮಾಡಬೇಕು. ಆ ಫೋನ್ ಸಂಖ್ಯೆಯನ್ನು ಬಿಡುಗಡೆಗೆ ಮೊದಲೇ ಬರೆದುಕೊಳ್ಳಿ. ರೋಗಿಯ ಕಡತದಲ್ಲಿ ಎಲ್ಲ ಸಂಖ್ಯೆಗಳೂ ಇರುತ್ತವೆ, ದಾನಿಯ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ನುಗ್ಗೆಸೊಪ್ಪು

ಬಾಣಂತಿಗೆ ಮಾಡುವ ಆರೈಕೆಯ ಕಾಲು ಭಾಗವನ್ನಾದರೂ ದಾನಿಗೆ ಮಾಡಿದರೆ ಸಾಕು ಎಂದು ನನಗೆ ಅನಿಸುತ್ತದೆ. ರಾಗಿ, ನುಗ್ಗೆಸೊಪ್ಪು, ಬೆಲ್ಲ, ಕಾಳು, ತಿನ್ನುವವರಾದರೆ ಮೊಟ್ಟೆ ಮತ್ತು ಮಾಂಸ ಕೊಡಿ. ಪ್ಲೇಟ್‌ಲೆಟ್ ಇಳಿಯುತ್ತದೆ ಎಂದಿರಿ, ಅದಕ್ಕೆ ಪಪ್ಪಾಯಿ ಎಲೆಯ ರಸ ಮತ್ತು ಅಮೃತಬಳ್ಳಿ ಕಷಾಯವನ್ನು ಚುಚ್ಚುಮದ್ದಿನ ದಿನಗಳಿಂದಲೇ ಕೊಟ್ಟರೆ ಒಳ್ಳೆಯದು.

ಹಗಲುಪಾಳಿ

ಊಟದ ವಿಷಯದಲ್ಲಿ ನಿಮ್ಮ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ, ರಸ ಮತ್ತು ಕಷಾಯದ ವಿಷಯದಲ್ಲಿ ಒಪ್ಪುವುದಿಲ್ಲ. ದಾನಕ್ಕೆ ಮೊದಲು ಮತ್ತು ದಾನದ ದಿನಗಳಲ್ಲಿ ವೈದ್ಯರಿಗೆ ತಿಳಿಸದೆ ಯಾವ ಮನೆಮದ್ದನ್ನೂ ಕೊಡಬೇಡಿ. ಅಮೃತಬಳ್ಳಿಯಿಂದ ಕೆಲವರಲ್ಲಿ ಯಕೃತ್ತಿಗೆ ತೊಂದರೆಯಾದ ವರದಿಗಳು ಬಂದಿವೆ. ಯಕೃತ್ತಿನ ಪರೀಕ್ಷೆಯಲ್ಲಿ ಏರುಪೇರು ಕಂಡರೆ ದಾನವೇ ಮುಂದಕ್ಕೆ ಹೋಗಬಹುದು. ಪ್ಲೇಟ್‌ಲೆಟ್ ಒಂದೆರಡು ವಾರಗಳಲ್ಲಿ ತಾನಾಗಿಯೇ ಏರುತ್ತದೆ.

ನುಗ್ಗೆಸೊಪ್ಪು

ತಿಳಿಸಿದ್ದು ಒಳ್ಳೆಯದಾಯಿತು. ಆದರೂ ಊಟದಲ್ಲಿ ಮಾತ್ರ ನಾನು ರಾಜಿಯಾಗುವುದಿಲ್ಲ.

ಧಾರವಾಡದ ಅಕ್ಕ

ಹಿರಿಯರು ಎತ್ತಿದ ಮಾತಿಗೆ ನಾನೂ ಉತ್ತರಿಸಬೇಕೆನಿಸಿತು. ಹಿಂದೆ ಸರಿಯುವ ಹಕ್ಕು ದಾನಿಗೆ ಇರಲೇಬೇಕು, ಆದರೆ ಅದನ್ನು ಬಳಸುವುದಕ್ಕೆ ಒಂದು ಕಾಲವಿದೆ. ಕಸಿಗೆ ಸುಮಾರು ಒಂದು ವಾರ ಮೊದಲು ರೋಗಿಗೆ ಅತ್ಯಂತ ತೀವ್ರವಾದ ಕೀಮೋಥೆರಪಿ, ಕೆಲವೊಮ್ಮೆ ವಿಕಿರಣವನ್ನೂ ಕೊಟ್ಟು ಅವರ ಸ್ವಂತ ಮಜ್ಜೆಯನ್ನೇ ನಾಶ ಮಾಡುತ್ತಾರೆ. ಅದು ಆರಂಭವಾದ ಮೇಲೆ ದಾನಿ ಇಲ್ಲವೆಂದರೆ ರೋಗಿ ಬದುಕುವುದು ಕಷ್ಟ. ಆದ್ದರಿಂದ ಸಂದೇಹ, ಭಯ, ಪ್ರಶ್ನೆ ಏನಿದ್ದರೂ ಅದಕ್ಕೆ ಮೊದಲೇ ಹೊರಗೆ ಬರಬೇಕು. ಮನೆಯವರು ಬಾಯಿ ಮುಚ್ಚಿಸಿದರೆ ಆ ಸಂದೇಹ ಇಲ್ಲವಾಗುವುದಿಲ್ಲ, ತಡವಾಗಿ ಹೊರಬೀಳುತ್ತದೆ. ಅದರಿಂದ ಅಪಾಯವಾಗುವುದು ರೋಗಿಗೇ.

ನಮ್ಮ ಮನೆಯಲ್ಲಿ ನಾನೇ ದಾನಿ, ರೋಗಿ ನನ್ನ ಅಣ್ಣ. ಮದುವೆಯಾದ ಹೆಣ್ಣುಮಕ್ಕಳಿಗೆ ಇಲ್ಲಿ ಇನ್ನೊಂದು ಕಷ್ಟವಿದೆ. ತವರಿನವರು ಹೊಂದಿಕೆಯಾಯಿತೆಂದು ಕುಣಿದಾಡಿದರು, ಅತ್ತೆಮನೆಯವರು ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯಾದರೆ ಯಾರು ಹೊಣೆ ಎಂದು ಕೇಳಿದರು. ನನ್ನ ಪುಣ್ಯಕ್ಕೆ, ಅಣ್ಣನನ್ನು ನೋಡುತ್ತಿದ್ದವರಲ್ಲದೆ ಬೇರೆಯೊಬ್ಬ ವೈದ್ಯೆ ನನ್ನ ತಪಾಸಣೆ ಮಾಡಿದರು. ಅವರು ನನ್ನೊಬ್ಬಳನ್ನೇ ಕೂರಿಸಿಕೊಂಡು, ಗರ್ಭಿಣಿಯಾಗಿದ್ದರೆ ದಾನ ಮಾಡುವಂತಿಲ್ಲವಾದ್ದರಿಂದ ಆ ಪರೀಕ್ಷೆ ಮಾಡುತ್ತೇವೆ, ಮುಂದೆ ಮಕ್ಕಳಾಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ವಿವರಿಸಿದರು. ನಿನಗೆ ಇಷ್ಟವಿಲ್ಲದಿದ್ದರೆ ಹೇಳು, ವೈದ್ಯಕೀಯ ಕಾರಣದಿಂದ ದಾನಿ ಸೂಕ್ತರಲ್ಲ ಎಂದಷ್ಟೇ ಮನೆಯವರಿಗೆ ತಿಳಿಸುತ್ತೇವೆ ಎಂದೂ ಹೇಳಿದರು. ನಾನು ಕೊಡಲು ಮನಸ್ಸು ಮಾಡಿಕೊಂಡೇ ಹೋಗಿದ್ದೆ. ಆದರೆ ಆ ಮಾತು ಕೇಳಿದ ಮೇಲೆ ಕೊಟ್ಟದ್ದು ನನ್ನ ಸ್ವಂತ ನಿರ್ಧಾರವೆಂದು ಅನಿಸಿತು.

ಸಕ್ಕರೆನಾಡು ಹಿರಿಯ

ರೋಗಿಯ ಮಜ್ಜೆಯನ್ನು ಮೊದಲೇ ನಾಶ ಮಾಡುತ್ತಾರೆ ಎಂಬ ಸಂಗತಿಯನ್ನು ನಾನು ಈ ದೃಷ್ಟಿಯಿಂದ ನೋಡಿರಲಿಲ್ಲ. ನೀವು ಹೇಳುವಂತೆ ಮುಂಚಿತವಾಗಿ ಮಾತನಾಡುವುದೇ ಸರಿ. ಆದರೆ ಆಸ್ಪತ್ರೆ ಮನೆಯವರಿಗೆ ನಿಜವಾದ ಕಾರಣವನ್ನು ಹೇಳದೆ ಮರೆಮಾಚುವುದು ನನಗೆ ಇಂದಿಗೂ ಒಪ್ಪಿಗೆಯಿಲ್ಲ.

ಧಾರವಾಡದ ಅಕ್ಕ

ಮರೆಮಾಚದಿದ್ದರೆ ಆ ದಾನಿ ಜೀವನಪೂರ್ತಿ ಅದೇ ಮನೆಯಲ್ಲಿ ಬದುಕಬೇಕಲ್ಲವೇ, ಹಿರಿಯರೇ? ದಾನಿಯ ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳನ್ನೂ ಮಾಡುತ್ತಾರೆ. ಆ ಫಲಿತಾಂಶವನ್ನು ದಾನಿಗೇ ಹೇಳಬೇಕು, ವರಾಂಡದಲ್ಲಿ ನಿಂತ ನೆಂಟರಿಗೆಲ್ಲ ಹೇಳುವ ಹಾಗಿಲ್ಲ. ಗೋಪ್ಯತೆಯ ಅಗತ್ಯ ಎರಡೂ ಕಡೆ ಒಂದೇ.

ಅವಳಿ ಜಡೆ

ಇಲ್ಲಿಯವರೆಗೆ ದೊಡ್ಡವರ ಮಾತಾಯಿತು. ನಮ್ಮ ಮನೆಯಲ್ಲಿ ದಾನಿ ಆರು ವರ್ಷದ ಮಗು. ದೊಡ್ಡ ಮಗನಿಗೆ ಥಲಸ್ಸೀಮಿಯಾ, ಅಂದರೆ ಒಳ್ಳೆಯ ರಕ್ತ ತಯಾರಾಗದ ಆನುವಂಶಿಕ ಕಾಯಿಲೆ, ಇದೆ, ಹುಟ್ಟಿದ ವರ್ಷದಿಂದಲೇ ರಕ್ತ ಹಾಕಿಸುತ್ತ ಬಂದಿದ್ದೆವು. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಷನ್‌ನಂತಹ ಸಂಸ್ಥೆಗಳು ನಡೆಸುವ ಎಚ್‌ಎಲ್‌ಎ ಶಿಬಿರಗಳ ಬಗ್ಗೆ ಇತರ ತಾಯಂದಿರಿಂದ ತಿಳಿದು ಪರೀಕ್ಷೆ ಮಾಡಿಸಿದೆವು, ಮಗಳದು ಹೊಂದಿಕೆಯಾಯಿತು. ಮಗಳು ಥಲಸ್ಸೀಮಿಯಾ ಮೈನರ್, ಅಂದರೆ ವಾಹಕಿ. ಹಾಗಿದ್ದರೂ ದಾನ ಮಾಡಬಹುದು ಎಂದು ತಿಳಿದಾಗ ನಮಗೆ ಆಶ್ಚರ್ಯವೇ ಆಯಿತು.

ತಂದೆತಾಯಿಯಾಗಿ ನಾವಿಬ್ಬರೂ ಎರಡೂ ಕಡೆಯಲ್ಲಿದ್ದೆವು. ಮಗನಿಗಾಗಿ ಮಗಳ ಪರವಾಗಿ ಸಹಿ ಹಾಕುವವರು ನಾವೇ. ಆ ಸಹಿ ಹಾಕುವಾಗ ನನ್ನ ಕೈ ನಡುಗಿತು, ಏಕೆಂದರೆ ಅವಳ ಪರವಾಗಿ ಮಾತ್ರ ಯೋಚಿಸುವವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ಮಗುವಿಗೆ ಏನು ಹೇಳಬೇಕು ಎಂಬುದರ ಬಗ್ಗೆ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ಚಾಕೊಲೇಟ್ ಕೊಟ್ಟು ಕರೆದುಕೊಂಡು ಹೋಗೋಣ, ಏನೂ ಹೇಳುವುದು ಬೇಡ ಎಂದು ನಮ್ಮ ಮಾವನವರು ಹೇಳಿದರು. ನಾನು ಒಪ್ಪಲಿಲ್ಲ. ಅಣ್ಣನ ಮೂಳೆಯಲ್ಲಿ ಒಳ್ಳೆಯ ರಕ್ತ ತಯಾರಾಗುವುದಿಲ್ಲ, ನಿನ್ನಲ್ಲಿ ತಯಾರಾಗುತ್ತದೆ, ಅದರಲ್ಲಿ ಸ್ವಲ್ಪವನ್ನು ವೈದ್ಯರು ತೆಗೆದು ಅವನಿಗೆ ಕೊಡುತ್ತಾರೆ, ನೀನು ನಿದ್ದೆಯಲ್ಲಿರುತ್ತೀಯೆ, ಎದ್ದ ಮೇಲೆ ಸೊಂಟ ನೋಯುತ್ತದೆ, ನಿನ್ನದು ಮತ್ತೆ ಬೆಳೆಯುತ್ತದೆ ಎಂದು ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆ, ಅಣ್ಣನಿಗೆ ಆಮೇಲೂ ಹುಷಾರಾಗದಿದ್ದರೆ ನೀವು ನನ್ನನ್ನು ಬೈಯುತ್ತೀರಾ ಎಂದು. ಚಾಕೊಲೇಟಿನಲ್ಲಿ ಮುಚ್ಚಿಟ್ಟಿದ್ದರೆ ಆ ಪ್ರಶ್ನೆ ಅವಳ ಒಳಗೇ ಉಳಿಯುತ್ತಿತ್ತು.

ದಾನದ ದಿನ ನಾವು ಮಾಡಿಕೊಂಡ ಏರ್ಪಾಡು ಇಷ್ಟು. ಅವಳ ಅಪ್ಪ ಪೂರ್ತಿಯಾಗಿ ಅವಳ ಜೊತೆ, ನಾನು ಪೂರ್ತಿಯಾಗಿ ಮಗನ ಜೊತೆ. ಅವಳು ಎಚ್ಚರಗೊಂಡಾಗ ಅಪ್ಪನ ಮುಖ ಕಾಣಬೇಕು, ಅಜ್ಜಿಯದಲ್ಲ, ಚಿಕ್ಕಮ್ಮನದಲ್ಲ ಎಂದು ನಾನು ಹಟ ಹಿಡಿದಿದ್ದೆ. ನಂತರ ಕಷ್ಟವಾದದ್ದು ಬೇರೆಯೇ. ಮಗ ವಾರಗಟ್ಟಲೆ ಪ್ರತ್ಯೇಕ ಕೊಠಡಿಯಲ್ಲಿದ್ದ, ಸೋಂಕಿನ ಭಯದಿಂದ ಅವಳನ್ನು ಒಳಗೆ ಬಿಡುತ್ತಿರಲಿಲ್ಲ. ತನ್ನಿಂದ ತೆಗೆದುಕೊಂಡು ತನ್ನನ್ನೇ ಹೊರಗಿಟ್ಟರು ಎಂದು ಅವಳಿಗೆ ಅನಿಸಿತು. ದಿನವೂ ಸಂಜೆ ವಿಡಿಯೋ ಕರೆಯಲ್ಲಿ ಅವರಿಬ್ಬರೇ ಮಾತನಾಡುವಂತೆ ಮಾಡಿದ ಮೇಲೆ ಸ್ವಲ್ಪ ಸರಿಹೋಯಿತು. ಅಂಗನವಾಡಿಯಲ್ಲಿ ಆಡುತ್ತಿದ್ದ ಮಗು ಒಂದೇ ಸಲ ದೊಡ್ಡವಳಾದಂತೆ ಕಂಡಿತು, ಅದು ನನಗೆ ಹೆಮ್ಮೆಯೂ ಹೌದು, ಸಂಕಟವೂ ಹೌದು.

ಅಟ್ಲಾಂಟಾ ನಿವಾಸಿ

ಅವಳಿ ಜಡೆಯವರೇ, ನಿಮ್ಮ ಕೈ ನಡುಗಿದ್ದಕ್ಕೆ ಕಾರಣವಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2010ರಲ್ಲಿ ಮಕ್ಕಳು ದಾನಿಗಳಾಗುವ ವಿಷಯದಲ್ಲಿ ಒಂದು ನೀತಿ ಹೇಳಿಕೆ ಪ್ರಕಟಿಸಿತು. ದಾನಿ ಮಗುವಿನ ಹಿತವನ್ನು ಮಾತ್ರ ನೋಡುವ, ಕಸಿಯ ತಂಡಕ್ಕೆ ಸೇರದ ಒಬ್ಬ ಪ್ರತಿನಿಧಿಯನ್ನು ನೇಮಿಸಬೇಕೆಂಬುದು ಅದರ ಮುಖ್ಯ ಅಂಶಗಳಲ್ಲೊಂದು. ನಮ್ಮೂರಿನ ಆಸ್ಪತ್ರೆಗಳಲ್ಲಿ ಅಂತಹ ವ್ಯಕ್ತಿ ಇಲ್ಲದಿದ್ದರೆ, ಒಬ್ಬ ಸಮಾಜ ಕಾರ್ಯಕರ್ತರನ್ನೋ ಬೇರೆ ಮಕ್ಕಳ ವೈದ್ಯರನ್ನೋ ಕೇಳಿಕೊಳ್ಳಬಹುದು.

ಅವಳಿ ಜಡೆ

ಮಾಹಿತಿಗೆ ಧನ್ಯವಾದಗಳು. ಹಣದ ಬಗ್ಗೆ ಕೇಳುವವರಿಗಾಗಿ ಒಂದು ಮಾತು. ಕೋಲ್ ಇಂಡಿಯಾದ ನೆರವಿನಿಂದ 2017ರಲ್ಲಿ ಆರಂಭವಾದ ಥಲಸ್ಸೀಮಿಯಾ ಬಾಲ ಸೇವಾ ಯೋಜನೆಯಲ್ಲಿ, ಒಡಹುಟ್ಟಿದವರದು ಪೂರ್ಣ ಹೊಂದಿಕೆಯಾದ ಅರ್ಹ ಮಕ್ಕಳ ಕಸಿಗೆ 10 ಲಕ್ಷ ರೂಪಾಯಿವರೆಗೆ ಸಹಾಯ ದೊರೆಯುತ್ತದೆ. ವಯಸ್ಸು, ಆದಾಯ ಮತ್ತು ಆಸ್ಪತ್ರೆಗಳ ಷರತ್ತುಗಳಿವೆ, ಅವನ್ನು ಮೊದಲೇ ವಿಚಾರಿಸಿ.

ಬಾಗಲಕೋಟೆಯವನು

ಬರೆಯಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ಆ ಮಗು ಕೇಳಿದ ಪ್ರಶ್ನೆಯನ್ನು ಓದಿದ ಮೇಲೆ ಬರೆಯುತ್ತಿದ್ದೇನೆ. ನಾನು ನನ್ನ ಅಕ್ಕನಿಗೆ ಕೊಟ್ಟೆ. ಕಸಿ ಹತ್ತಿಕೊಂಡಿತು, ರಕ್ತದ ಎಣಿಕೆ ಏರಿತು, ಮನೆಯವರು ಸಿಹಿ ಹಂಚಿದರು. ಆಮೇಲೆ ಚರ್ಮದಲ್ಲಿ, ಕರುಳಿನಲ್ಲಿ ತೊಂದರೆ ಆರಂಭವಾಯಿತು. ನನ್ನಿಂದ ಹೋದ ಪ್ರತಿರಕ್ಷಾ ಕೋಶಗಳೇ ಅಕ್ಕನ ದೇಹವನ್ನು ಪರಕೀಯವೆಂದು ತಿಳಿದು ಎರಗುತ್ತಿವೆ ಎಂದು ವೈದ್ಯರು ವಿವರಿಸಿದರು. ಅವರು ಹೇಳಿದ್ದು ಸತ್ಯವೇ, ಆದರೆ ನನ್ನ ಕಿವಿಗೆ ಬಿದ್ದದ್ದು ನಿನ್ನ ಕೋಶಗಳು ನಿನ್ನ ಅಕ್ಕನನ್ನು ಕೊಲ್ಲುತ್ತಿವೆ ಎಂದೇ. ಅಕ್ಕ ಉಳಿಯಲಿಲ್ಲ.

ತಿಥಿ ಮುಗಿದ ಮೇಲೆ ಭಾವನಿಗೆ, ಅಕ್ಕನ ಮಕ್ಕಳಿಗೆ, ಅವ್ವನಿಗೆ ಎಲ್ಲರೂ ಸಮಾಧಾನ ಹೇಳಿದರು. ನನ್ನನ್ನು ಯಾರೂ ದೂಷಿಸಲಿಲ್ಲ, ಆದರೆ ನನಗೆ ಏನಾಗುತ್ತಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಒಬ್ಬ ಸಂಬಂಧಿಕರು ಮಾತ್ರ, ಇವನು ಗುಟ್ಕಾ ಹಾಕುತ್ತಿದ್ದ, ಅದಕ್ಕೇ ರಕ್ತ ಸರಿಯಿರಲಿಲ್ಲವೇನೋ ಎಂದು ಅಂದದ್ದು ನನ್ನ ಕಿವಿಗೆ ಬಿತ್ತು. ಆ ಮಾತು ಇನ್ನೂ ಹೋಗಿಲ್ಲ. ತುಂಗಾತೀರ ಅವರೇ, ನಿಮ್ಮ ಭಾವನವರು ಗುಣವಾಗಲಿ ಎಂದು ಮನಸಾರೆ ಹಾರೈಸುತ್ತೇನೆ. ಆದರೆ ಫಲಿತಾಂಶ ಏನೇ ಆಗಲಿ ಅದು ನಿಮ್ಮ ಯಜಮಾನರ ಹೊಣೆಯಲ್ಲ ಎಂದು ದಾನಕ್ಕೆ ಮೊದಲೇ ಮನೆಯ ಹಿರಿಯರು ಅವರ ಎದುರಿಗೆ ಬಾಯಿಬಿಟ್ಟು ಹೇಳಬೇಕು. ಆಮೇಲೆ ಹೇಳಿದರೆ ಅದು ಸಮಾಧಾನದ ಮಾತಾಗಿ ಬಿಡುತ್ತದೆ, ನಂಬಲು ಆಗುವುದಿಲ್ಲ.

ಹಗಲುಪಾಳಿ

ಬಾಗಲಕೋಟೆಯವರೇ, ನಿಮ್ಮ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಆದರೆ ಒಂದು ಸಂಗತಿಯನ್ನು ಸ್ಪಷ್ಟವಾಗಿ ಹೇಳಲೇಬೇಕು. ಎಚ್‌ಎಲ್‌ಎ ಪೂರ್ಣವಾಗಿ ಹೊಂದಿದ್ದರೂ ಹಾಗೆ ಆಗುವುದುಂಟು, ಏಕೆಂದರೆ ಆ ಪರೀಕ್ಷೆಯಲ್ಲಿ ಕಾಣದ ಸಣ್ಣ ವ್ಯತ್ಯಾಸಗಳು ಒಡಹುಟ್ಟಿದವರ ನಡುವೆಯೂ ಇರುತ್ತವೆ. ಉಳಿದುಕೊಂಡ ಕ್ಯಾನ್ಸರ್ ಕೋಶಗಳನ್ನು ಹುಡುಕಿ ನಾಶ ಮಾಡುವುದೂ ದಾನಿಯ ಅದೇ ಪ್ರತಿರಕ್ಷಾ ಕೋಶಗಳೇ, ಕಸಿಯ ಉಪಯೋಗದಲ್ಲಿ ದೊಡ್ಡ ಪಾಲು ಅದರಿಂದ ಬರುತ್ತದೆ. ಗುಟ್ಕಾದಿಂದ ನಿಮ್ಮ ಸ್ಟೆಮ್ ಸೆಲ್ ಕೆಟ್ಟು ಹೀಗಾಯಿತು ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ನೀವು ಕೊಟ್ಟ ಕೋಶಗಳು ಹತ್ತಿಕೊಂಡವು, ಬೆಳೆದವು. ದಾನಿಯಿಂದ ಆಗಬೇಕಾದದ್ದು ಅಷ್ಟೇ, ಅದನ್ನು ನೀವು ಪೂರ್ಣವಾಗಿ ಮಾಡಿದ್ದೀರಿ. ದಯವಿಟ್ಟು ಒಬ್ಬ ಆಪ್ತ ಸಮಾಲೋಚಕರನ್ನು ಕಾಣಿರಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಸಕ್ಕರೆನಾಡು ಹಿರಿಯ

ತಮ್ಮಾ, ನಾನು ಮೇಲೆ ಪುಣ್ಯವೆಂದು ಬರೆದದ್ದು ನಿನಗೂ ಸಲ್ಲುತ್ತದೆ, ಅಕ್ಕ ಉಳಿದಿದ್ದರೆ ಎಷ್ಟು ಸಲ್ಲುತ್ತಿತ್ತೋ ಅಷ್ಟೇ. ನಿನ್ನ ಮನೆಯ ಹಿರಿಯರು ಹೇಳದಿದ್ದರೆ ಈ ಹಿರಿಯ ಹೇಳುತ್ತಿದ್ದಾನೆ ಎಂದು ತಿಳಿ.

ಕಡಲೂರು

ಪೂರ್ಣ ಹೊಂದಿಕೆ ಇಲ್ಲದವರ ಬಗ್ಗೆಯೂ ಯಾರಾದರೂ ಬರೆಯಿರಿ. ಒಡಹುಟ್ಟಿದ ಒಬ್ಬೊಬ್ಬರದು ಹೊಂದಿಕೆಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ನಮ್ಮ ಮನೆಯಲ್ಲಿ ಯಾರದೂ ಹೊಂದದೆ, ಅರ್ಧ ಹೊಂದಿಕೆಯ ಕಸಿಗೆ ಅಪ್ಪ ದಾನಿಯಾದರು. ತಂದೆತಾಯಿ ಮತ್ತು ಮಕ್ಕಳದು ಯಾವಾಗಲೂ ಅರ್ಧವಾದರೂ ಹೊಂದುತ್ತದೆ. ಅಪ್ಪನಿಗೆ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಇತ್ತು. ತಾನು ಅನರ್ಹನಾಗಿಬಿಡುತ್ತೇನೆ ಎಂಬ ಭಯದಿಂದ ಎದೆನೋವಿನ ಹಳೆಯ ಸಂಗತಿಯನ್ನು ವೈದ್ಯರಿಂದ ಮುಚ್ಚಿಡಲು ಅವರು ಪ್ರಯತ್ನಿಸಿದರು. ಅಮ್ಮ ಅದನ್ನು ಹೇಳಿದ್ದರಿಂದ ಹೃದಯದ ಹೆಚ್ಚಿನ ಪರೀಕ್ಷೆಗಳಾದವು, ಆಮೇಲೆ ಹೃದ್ರೋಗ ತಜ್ಞರು ಒಪ್ಪಿದ ಮೇಲೆಯೇ ಮುಂದುವರಿದರು. ವಯಸ್ಸಾದ ದಾನಿ ಮನೆಯಲ್ಲಿದ್ದರೆ ಅವರು ಏನನ್ನು ಮುಚ್ಚಿಡುತ್ತಿದ್ದಾರೆ ಎಂದು ನೋಡಿಕೊಳ್ಳುವುದೂ ಆರೈಕೆಯೇ.

ಮಾವಿನತೋಪು

ನನ್ನದು ಸಣ್ಣ ಸಂದೇಹ. ಅಣ್ಣ ಮತ್ತು ತಮ್ಮನ ರಕ್ತದ ಗುಂಪು ಬೇರೆಯಾದರೆ ದಾನ ಮಾಡಲು ಬರುವುದೇ ಇಲ್ಲವಲ್ಲವೇ?

ಹಗಲುಪಾಳಿ

ಬರುತ್ತದೆ. ಇಲ್ಲಿ ನೋಡುವುದು ಎಚ್‌ಎಲ್‌ಎ ಹೊಂದಿಕೆಯನ್ನು. ಗುಂಪು ಬೇರೆಯಾದರೆ ಕೆಲವು ಹೆಚ್ಚಿನ ಮುನ್ನೆಚ್ಚರಿಕೆಗಳಿರುತ್ತವೆ, ಕಾಲಕ್ರಮೇಣ ರೋಗಿಯ ರಕ್ತದ ಗುಂಪು ದಾನಿಯ ಗುಂಪಿಗೆ ಬದಲಾಗುತ್ತದೆ.

ತುಂಗಾತೀರ

ಎಲ್ಲರ ಮಾತುಗಳನ್ನು ನಿನ್ನೆ ರಾತ್ರಿ ನನ್ನ ಯಜಮಾನರಿಗೂ ಅತ್ತೆಯವರಿಗೂ ಓದಿ ಹೇಳಿದೆ. ಗುಲ್ಮದ ವಿಷಯ ಕೇಳಿ ಅತ್ತೆಯವರೇ ಗಿರಣಿಯ ಮಾಲೀಕರಿಗೆ ಫೋನ್ ಮಾಡಿಸಿದರು, ಭಾರ ಹೊರದ ಲೆಕ್ಕದ ಕೆಲಸವನ್ನು ಆ ತಿಂಗಳು ಕೊಡುವುದಾಗಿ ಅವರು ಒಪ್ಪಿದ್ದಾರೆ. ಬಾಗಲಕೋಟೆಯವರ ಮಾತನ್ನು ಓದುವಾಗ ನನ್ನ ಯಜಮಾನರು ಎದ್ದು ಹೊರಗೆ ಹೋದರು. ಅವರ ಮನಸ್ಸಿನಲ್ಲಿಯೂ ಅದೇ ಇತ್ತೆಂದು ನನಗೆ ಆಗ ತಿಳಿಯಿತು. ಭಾವನವರೇ ಅವರ ಜೊತೆ ಮಾತನಾಡುವುದಾಗಿ ಹೇಳಿದ್ದಾರೆ.

ಈಗ ಆಸ್ಪತ್ರೆಯಿಂದ ತಿಳಿದಂತೆ ರಕ್ತನಾಳದಿಂದಲೇ ತೆಗೆಯುತ್ತಾರಂತೆ. ಆ ದಿನ ನಾನು ಪಕ್ಕದಲ್ಲಿದ್ದು ಏನು ಮಾಡಬೇಕು? ಮತ್ತೆ ಮುಂದೆ ಎಂದಾದರೂ ಕೊಡಬೇಕಾಗಿ ಬರುತ್ತದೆಯೇ? ಈ ಚುಚ್ಚುಮದ್ದಿನಿಂದ ಅವರಿಗೇ ಕ್ಯಾನ್ಸರ್ ಬರುತ್ತದೆ ಎಂದು ಗಿರಣಿಯಲ್ಲಿ ಯಾರೋ ಹೇಳಿದ್ದಾರೆ, ಅದು ನಿಜವೇ?

ಹಗಲುಪಾಳಿ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಆರೋಗ್ಯವಂತ ದಾನಿಗಳನ್ನು ವರ್ಷಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನಗಳಲ್ಲಿ ಈ ಚುಚ್ಚುಮದ್ದಿನಿಂದ ರಕ್ತದ ಕ್ಯಾನ್ಸರ್ ಹೆಚ್ಚಿದ್ದು ಕಂಡುಬಂದಿಲ್ಲ. ಆ ದಿನಗಳಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ಹಲವು ಪಟ್ಟು ಏರಿರುತ್ತದೆ, ವರದಿ ನೋಡಿ ಗಾಬರಿಯಾಗಬೇಡಿ, ಅದು ಔಷಧದ ಕೆಲಸ.

ಸಂಗ್ರಹದ ದಿನ ಬೆಳಿಗ್ಗೆ ಚೆನ್ನಾಗಿ ತಿಂಡಿ ತಿನ್ನಿಸಿ, ಹಾಲು ಮೊಸರು ಇರಲಿ. ಯಂತ್ರಕ್ಕೆ ಜೋಡಿಸುವ ಮೊದಲು ಶೌಚಾಲಯಕ್ಕೆ ಹೋಗಿ ಬರಲಿ, ಏಕೆಂದರೆ ನಾಲ್ಕರಿಂದ ಆರು ಗಂಟೆ ಎರಡೂ ತೋಳುಗಳಲ್ಲಿ ಸೂಜಿಯಿರುತ್ತದೆ. ಒಂದು ತೋಳಿನಿಂದ ರಕ್ತ ಹೊರಗೆ ಬಂದು, ಯಂತ್ರದಲ್ಲಿ ಸ್ಟೆಮ್ ಸೆಲ್ ಬೇರ್ಪಟ್ಟು, ಉಳಿದದ್ದು ಇನ್ನೊಂದು ತೋಳಿಗೆ ಹಿಂದಿರುಗುತ್ತದೆ. ನೀರು ಕುಡಿಸುವುದು, ಮೂಗು ಕೆರೆಸಿದರೆ ಕೆರೆಯುವುದು, ಹೊದಿಕೆ ಸರಿಪಡಿಸುವುದು ಎಲ್ಲವೂ ನಿಮ್ಮ ಕೆಲಸ. ರಕ್ತ ಹೆಪ್ಪುಗಟ್ಟದಂತೆ ಸಿಟ್ರೇಟ್ ಸೇರಿಸುವುದರಿಂದ ರಕ್ತದಲ್ಲಿ ಕ್ಯಾಲ್ಸಿಯಂ ತಾತ್ಕಾಲಿಕವಾಗಿ ಇಳಿದು ತುಟಿ ಮತ್ತು ಬೆರಳ ತುದಿಯಲ್ಲಿ ಜುಮುಜುಮು ಎನಿಸುತ್ತದೆ. ಗಂಡಸರು ಅದನ್ನು ಸಹಿಸಿಕೊಂಡು ಸುಮ್ಮನಿರುತ್ತಾರೆ, ಹಾಗೆ ಮಾಡಬಾರದು. ಹೇಳಿದ ಕೂಡಲೇ ಯಂತ್ರದ ವೇಗ ತಗ್ಗಿಸಿ ಕ್ಯಾಲ್ಸಿಯಂ ಕೊಡುತ್ತಾರೆ. ಕೋಶಗಳು ಸಾಕಾಗದಿದ್ದರೆ ಮರುದಿನವೂ ಕುಳಿತುಕೊಳ್ಳಬೇಕಾಗುತ್ತದೆ, ಅದನ್ನು ಯಾರೂ ದಾನಿಯ ಕೊರತೆಯೆಂದು ಮಾತನಾಡಬಾರದು.

ಮುಂದೆ ರೋಗ ಮರುಕಳಿಸಿದರೆ ಅಥವಾ ಕಸಿ ದುರ್ಬಲವಾದರೆ ಅದೇ ದಾನಿಯಿಂದ ಪ್ರತಿರಕ್ಷಾ ಕೋಶಗಳನ್ನೋ ಸ್ಟೆಮ್ ಸೆಲ್‌ಗಳನ್ನೋ ಮತ್ತೊಮ್ಮೆ ಕೇಳುವುದುಂಟು. ಆಗಲೂ ಹೊಸದಾಗಿ ತಪಾಸಣೆ, ಹೊಸದಾಗಿ ಒಪ್ಪಿಗೆ ಬೇಕು. ಒಮ್ಮೆ ಕೊಟ್ಟವರು ಯಾವಾಗಲೂ ಕೊಡಲೇಬೇಕೆಂದಿಲ್ಲ.

ನುಗ್ಗೆಸೊಪ್ಪು

ವಿಮೆಯ ಬಗ್ಗೆಯೂ ನೋಡಿಕೊಳ್ಳಿ. ರೋಗಿಯ ಪಾಲಿಸಿಯಲ್ಲಿ ಕಸಿಯ ಖರ್ಚು ಸೇರಿದ್ದರೂ, ದಾನಿಯ ತಪಾಸಣೆ ಮತ್ತು ನಂತರದ ಔಷಧಗಳ ಖರ್ಚು ಸೇರಿದೆಯೇ ಎಂಬುದು ಪಾಲಿಸಿಯಿಂದ ಪಾಲಿಸಿಗೆ ಬೇರೆಯಾಗಿರುತ್ತದೆ. ಲಿಖಿತವಾಗಿ ಕೇಳಿ.

ತುಂಗಾತೀರ

ಇನ್ನೊಂದೇ ಪ್ರಶ್ನೆ. ಸಂಗ್ರಹ ಮುಗಿದ ಮೇಲೆ ನಾವಿಬ್ಬರೂ ಕೂಡಲೇ ಊರಿಗೆ ಮರಳಬಹುದೇ, ಅಥವಾ ಬೆಂಗಳೂರಿನಲ್ಲಿಯೇ ಉಳಿಯಬೇಕೇ? ಮತ್ತೆ ರಕ್ತ ಪರೀಕ್ಷೆ ಯಾವಾಗ ಮಾಡಿಸಬೇಕು?

ಕೊಡಚಾದ್ರಿ

ಒಂದೆರಡು ದಿನ ಆಸ್ಪತ್ರೆಯ ಹತ್ತಿರವೇ ಉಳಿಯಿರಿ. ಕಸಿ ನಡೆಯುವ ದೊಡ್ಡ ಆಸ್ಪತ್ರೆಗಳ ಸುತ್ತಮುತ್ತ ದಿನದ ಬಾಡಿಗೆಗೆ ಕೋಣೆಗಳು ಸಿಗುತ್ತವೆ, ಕೆಲವು ಕಡೆ ಧರ್ಮಛತ್ರಗಳೂ ಇವೆ. ರೋಗಿಯ ಕಡೆಯವರಿಗೆಂದು ಹಿಡಿದ ಕೋಣೆಯಲ್ಲಿಯೇ ಇವರನ್ನೂ ಸೇರಿಸಬೇಡಿ, ಅಲ್ಲಿ ಬಂದುಹೋಗುವವರ ಗದ್ದಲದಲ್ಲಿ ನಿದ್ದೆ ಬರುವುದಿಲ್ಲ. ನೆಲ ಅಂತಸ್ತಿನ ಕೋಣೆ ಮತ್ತು ಕುರ್ಚಿಯಂತೆ ಕೂರುವ ಶೌಚಾಲಯ ಇರುವಂತೆ ನೋಡಿಕೊಳ್ಳಿ. ಊರಿಗೆ ಹೊರಡುವಾಗ ಹಗಲಿನ ರೈಲು ಹಿಡಿಯಿರಿ, ಬಸ್ಸಿಗಿಂತ ಅದರಲ್ಲಿ ಎದ್ದು ಓಡಾಡಬಹುದು. ರಕ್ತದ ಎಣಿಕೆಯನ್ನು ವೈದ್ಯರು ಹೇಳಿದ ದಿನಕ್ಕೆ, ಸಾಮಾನ್ಯವಾಗಿ ಕೆಲವೇ ವಾರಗಳೊಳಗೆ ಮಾಡಿಸಬೇಕಾಗುತ್ತದೆ, ಆಮೇಲೆ ವರ್ಷಕ್ಕೊಮ್ಮೆ. ನಮ್ಮ ಊರಿನ ತಾಲ್ಲೂಕು ಆಸ್ಪತ್ರೆಯಲ್ಲಿಯೇ ನಾನು ಮಾಡಿಸುತ್ತೇನೆ, ವರದಿಯನ್ನು ಬೆಂಗಳೂರಿಗೆ ಫೋನಿನಲ್ಲಿ ಕಳುಹಿಸುತ್ತೇನೆ.